ಆಟದ ಎಲೆಯೂ ಪಂದ್ಯದ ಧರ್ಮವೂ

ಚದುರಂಗದ ಕಾಯಿಗಳನ್ನು ಆನೆಯ ದಂತದಲ್ಲಿ ಕೆತ್ತಿಸಿದರೂ ಅದರ ಕುದುರೆ ಎರಡೂವರೆ ಮನೆಗಿಂತ ಹೆಚ್ಚು ನಡೆಯಲಾರದು. ಮಣ್ಣಿನ ಕಾಯಿಗಳಿಂದ ಆಡುವ ಬಡವನ ಕುದುರೆಗೂ ಅಷ್ಟೇ ನಡೆ. ಹಣವು ಹಲಗೆಯ ಅಂಚಿನವರೆಗೆ ಬಂದು ಅಲ್ಲಿ ನಿಂತುಬಿಡುತ್ತದೆ. ಒಳಗೆ ಅದಕ್ಕೆ ಪ್ರವೇಶವಿಲ್ಲ. ನಮ್ಮ ಹಿಂದಿನವರು ಆಡುತ್ತಿದ್ದ ಗಂಜೀಫಾದ ವಿಷಯವೂ ಹೀಗೆಯೇ. ಬಾಬರನು 1527ರಲ್ಲಿ ಸಿಂಧಿನ ಶಾಹ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಚರಿತ್ರೆಯಲ್ಲಿಯೇ ಬಂದಿದೆ. ಆ ಆಟ ದಕ್ಷಿಣಕ್ಕೆ ಬಂದು ನಮ್ಮ ದೇವರುಗಳನ್ನು ತನ್ನ ಎಲೆಗಳ ಮೇಲೆ ಕೂರಿಸಿಕೊಂಡಿತು. ದಶಾವತಾರದ ಗಂಜೀಫಾದಲ್ಲಿ ಅವತಾರಕ್ಕೆ ಒಂದರಂತೆ 10 ಪಂಗಡ, ಪಂಗಡಕ್ಕೆ 12 ಎಲೆ, ಒಟ್ಟು 120. ಮುಮ್ಮಡಿ ಕೃಷ್ಣರಾಜ ಒಡೆಯರವರು, ಕುದುರೆಯ ನಡೆಯ ಚಮತ್ಕಾರಗಳನ್ನು ಬಂಧಿಸಿದಂತೆಯೇ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಹೊಸ ಹೊಸ ಎಲೆಯಾಟಗಳನ್ನೂ ನಿರೂಪಿಸಿದರು, ಅವುಗಳಲ್ಲಿ ಕೆಲವಕ್ಕೆ ಮುನ್ನೂರಕ್ಕೂ ಮೇಲ್ಪಟ್ಟು ಎಲೆಗಳು ಬೇಕು. ಅರಮನೆಯವರ ಎಲೆ ದಂತದ್ದು, ಪೇಟೆಯವರ ಎಲೆ ಬಟ್ಟೆಯದೋ ಕಾಗದದ್ದೋ. ಆದರೂ ಅರಮನೆಯ ಎಲೆಯಲ್ಲಿನ ಮಂತ್ರಿಯು ಪೇಟೆಯ ಎಲೆಯಲ್ಲಿನ ರಾಜನನ್ನು ಗೆಲ್ಲಲಾರನು. ಆಟಕ್ಕೆ ಕುಳಿತವರೆಲ್ಲರೂ ಒಂದೇ ಕಟ್ಟಿನಿಂದ ಹಂಚಿದ ಎಲೆಗಳನ್ನು ಹಿಡಿಯುತ್ತಿದ್ದರು.

ಈ ಮಾತನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಈಚಿನ ಮೂರು ದಶಕಗಳಲ್ಲಿ ಹುಟ್ಟಿ ಬೆಳೆದ ಒಂದು ಬಗೆಯ ಎಲೆಯಾಟದಲ್ಲಿ ಈ ಕಟ್ಟಳೆ ತಲೆಕೆಳಗಾಗಿದೆ. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞನು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟವನ್ನು ಪ್ರಕಟಪಡಿಸಿದನು. 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಎಲೆಗಳು ಬಂದವು. ಇವುಗಳಲ್ಲಿ ಎಲ್ಲರಿಗೂ ಸಾಮಾನ್ಯವಾದ ಕಟ್ಟು ಎಂಬುದೇ ಇಲ್ಲ. ಆಟಗಾರನು ತನ್ನ ಕಟ್ಟನ್ನು ತಾನೇ ಮನೆಯಿಂದ ತರಬೇಕು. ಸಾವಿರಾರು ಬಗೆಯ ಎಲೆಗಳಲ್ಲಿ ತನಗೆ ಬೇಕಾದವನ್ನು ಆರಿಸಿ 60 ಎಲೆಗಳ ಕಟ್ಟೊಂದನ್ನು ಕೂಡಿಸಬೇಕು. ಕೆಲವು ಮೂಲ ಎಲೆಗಳನ್ನುಳಿದು ಒಂದೇ ಹೆಸರಿನ ಎಲೆ ನಾಲ್ಕಕ್ಕೆ ಮೀರಕೂಡದು. ಆ ಎಲೆಗಳು ಅಂಗಡಿಯಲ್ಲಿ ಮುಚ್ಚಿದ ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ. ಒಳಗೆ ಯಾವುದಿದೆಯೆಂದು ಕೊಳ್ಳುವವನಿಗೂ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಮೊದಲ ಮುದ್ರಣದ ಪೊಟ್ಟಣದಲ್ಲಿ 15 ಎಲೆಗಳಿದ್ದರೆ ಅದರಲ್ಲಿ ಅಪರೂಪದ್ದು ಒಂದೇ ಒಂದು. ಅಪರೂಪದ ಎಲೆಗಳಲ್ಲಿ ಕೆಲವು ಬಲವಾದವುಗಳೂ ಹೌದು. ಆದಕಾರಣ ಹೆಚ್ಚು ಪೊಟ್ಟಣ ಕೊಂಡವನಿಗೆ, ಅಥವಾ ಬಿಡಿ ಎಲೆಯನ್ನೇ ಬೆಲೆಕೊಟ್ಟು ಕೊಂಡವನಿಗೆ, ಕುದುರೆ ಮೂರು ಮನೆ ನಡೆದಂತಾಯಿತು. ಹಣವು ಹಲಗೆಯ ಅಂಚನ್ನು ದಾಟಿತು.

ವಿಮಾನಪುರ, ಇಂದಿರಾನಗರದ ಕಡೆಯ ಹುಡುಗರೂ ಉದ್ಯೋಗಸ್ಥ ತರುಣರೂ ರಜಾದಿನಗಳಲ್ಲಿ ಈ ಆಟದ ಪಂದ್ಯಗಳಿಗಾಗಿ ಕಲೆಯುವುದನ್ನು ನಾನು ನೋಡಿದ್ದೇನೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಸೇರಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದುದರಿಂದ ಹುಟ್ಟಿದ ನಮ್ಮ ಬಡಾವಣೆಯಲ್ಲಿ, ಆ ಕಾರ್ಖಾನೆಯಲ್ಲಿ ದುಡಿದು ವಿಶ್ರಾಂತಿ ಪಡೆದ ಹಿರಿಯರು ಇನ್ನೂ ಅನೇಕರಿದ್ದಾರೆ. ಅವರಲ್ಲೊಬ್ಬರು ಮೊಮ್ಮಗನನ್ನು ಪಂದ್ಯಕ್ಕೆ ಕರೆತಂದು ಬಾಗಿಲಲ್ಲಿಯೇ ನಿಂತು, “ಇದು ಜೂಜೇ ಅಲ್ಲವೆ, ಸ್ವಾಮಿ? ನಮ್ಮ ಕಾಲದಲ್ಲಿ ಇಸ್ಪೀಟು ಹಿಡಿದರೆ ನಮ್ಮ ತಂದೆಯವರು ಕೈಮೇಲೆ ಬಾರಿಸುತ್ತಿದ್ದರು” ಎಂದರು. ಮೊಮ್ಮಗನು “ತಾತ, ಇದು ಇಸ್ಪೀಟಲ್ಲ” ಎಂದು ಮುಖ ಸಣ್ಣದು ಮಾಡಿಕೊಂಡನು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ ಎಂಬುದೇ ಈ ಲೇಖನದ ವಿಷಯ.

ನ್ಯಾಯಾಲಯಗಳು ಜೂಜನ್ನು ಗುರುತಿಸಲು ಬಹುಕಾಲ ಒಂದು ಒರೆಗಲ್ಲನ್ನು ಬಳಸಿದವು: ಆಟದಲ್ಲಿ ಪ್ರಧಾನವಾದುದು ನೈಪುಣ್ಯವೋ ಅದೃಷ್ಟವೋ? 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಬಹುಮಟ್ಟಿಗೆ ನೈಪುಣ್ಯದ ಆಟವೆಂದು ತೀರ್ಮಾನಿಸಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಹಿಡಿಯುವುದನ್ನೂ ಬಿಡುವುದನ್ನೂ ಯೋಚಿಸಬೇಕು ಎಂಬುದು ಅದರ ಯುಕ್ತಿ. ನಮ್ಮ ರಾಜ್ಯವು 2021ರಲ್ಲಿ ಪೋಲೀಸ್ ಕಾಯಿದೆಗೆ ತಂದ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದಾಗಲೂ ಇದೇ ಭೇದ ಮುಂದೆ ಬಂದಿತು. 2025ರಲ್ಲಿ ಪಾರ್ಲಿಮೆಂಟು ಮಾಡಿದ ಕಾಯಿದೆಯಾದರೋ, ಅಂತರ್ಜಾಲದಲ್ಲಿ ಹಣವನ್ನೊಡ್ಡಿ ಆಡುವ ಆಟಗಳ ಮಟ್ಟಿಗೆ, ನೈಪುಣ್ಯವೇ ಇರಲಿ ಅದೃಷ್ಟವೇ ಇರಲಿ ಎರಡೂ ಒಂದೇ ಎಂದುಬಿಟ್ಟಿತು. ನನಗೆ ಈ ಒರೆಗಲ್ಲು ಹಿಂದಿನಿಂದಲೂ ಅರ್ಧ ತೃಪ್ತಿಯನ್ನೇ ಕೊಟ್ಟಿದೆ. ಶಕುನಿಗೆ ನೈಪುಣ್ಯ ಕಡಮೆಯಿತ್ತೆ? ನಳನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು, ಕಳೆದ ರಾಜ್ಯವನ್ನು ಜೂಜಿನಿಂದಲೇ ಗೆದ್ದುಕೊಂಡನಲ್ಲವೆ? ಪಳಗಿದವನು ಪಳಗದವನ ಕೈಯಿಂದ ಮನೆಮಠವನ್ನು ಕಿತ್ತುಕೊಂಡರೆ ಅದು ನೈಪುಣ್ಯದಿಂದ ನಡೆಯಿತೆಂಬ ಮಾತು ಕಳೆದುಕೊಂಡವನ ಹೆಂಡತಿಮಕ್ಕಳಿಗೆ ಯಾವ ಸಮಾಧಾನ?

ಈ ಹೊಸ ಆಟದಲ್ಲಿ ಜೂಜು ಇದ್ದರೆ ಅದು ಮೇಜಿನ ಮೇಲಿಲ್ಲ, ಅಂಗಡಿಯಲ್ಲಿದೆ. ಮೊದಲ ದಿನಗಳಲ್ಲಿ ಮೇಜಿನ ಮೇಲೂ ಇತ್ತು. ಆಟಕ್ಕೆ ಮುಂಚೆ ಇಬ್ಬರೂ ತಮ್ಮ ತಮ್ಮ ಕಟ್ಟಿನಿಂದ ಕಾಣದೆ ಒಂದೊಂದು ಎಲೆಯನ್ನೆತ್ತಿ ಪಣವಾಗಿ ಇಡಬೇಕು, ಗೆದ್ದವನು ಎರಡನ್ನೂ ಒಯ್ಯಬೇಕು ಎಂದು ಗಾರ್ಫೀಲ್ಡನ ಮೂಲ ನಿಯಮದಲ್ಲಿತ್ತು. ಗೋಲಿಯಾಟದಲ್ಲಿ ಗೆದ್ದವನು ಗೋಲಿಗಳನ್ನು ಜೇಬಿಗೆ ಇಳಿಸುವಂತೆ, ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಒಡ್ಡಿ ಆಡುವ ಹುಡುಗರು ಚಿತ್ರಗಳನ್ನು ಬಾಚಿಕೊಳ್ಳುವಂತೆ, ಇದು ಎಲೆಗಳು ಕೈಯಿಂದ ಕೈಗೆ ಸಂಚರಿಸಲೆಂದು ಮಾಡಿದ ಏರ್ಪಾಡು. ಆಟಗಾರರೇ ಅದನ್ನು ಒಲ್ಲೆವೆಂದರು; ಪಂದ್ಯಗಳಲ್ಲಿ ಅದು ನಿಷಿದ್ಧವಾಯಿತು. ಆದರೆ ಮುಚ್ಚಿದ ಪೊಟ್ಟಣ ಉಳಿಯಿತು. ಹತ್ತು ವರ್ಷದ ಹುಡುಗನು ಪೊಟ್ಟಣವನ್ನು ಹರಿಯುವಾಗ ಅವನ ಕಣ್ಣನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1993ರ ‘ಬ್ಲ್ಯಾಕ್ ಲೋಟಸ್’ ಎಂಬ ಎಲೆಯೊಂದು 2021ರಲ್ಲಿ ಐದು ಲಕ್ಷ ಡಾಲರಿಗೂ ಮೇಲ್ಪಟ್ಟು ಮಾರಾಟವಾಯಿತೆಂಬ ಸುದ್ದಿಯನ್ನು ಆ ಹುಡುಗನೂ ಕೇಳಿರುತ್ತಾನೆ. ತಾತನವರ ಶಂಕೆಗೆ ಇಲ್ಲಿ ನೆಲೆಯಿದೆ. ಹುಡುಗನನ್ನು ಪಂದ್ಯಕ್ಕೆ ಕಳುಹಿಸಬಹುದು, ಅಂಗಡಿಗೆ ಕಳುಹಿಸುವಾಗ ಜೇಬನ್ನು ನೋಡಬೇಕು ಎಂಬುದು ನನ್ನ ಮತ.

ಇನ್ನು ಮುಖ್ಯ ಪ್ರಶ್ನೆ. ಕೊಂಡು ತಂದ ಬಲದಿಂದ ಪಡೆದ ಗೆಲವು ಗೆಲವೇ?

ಹೌದೆನ್ನುವವರ ವಾದ ಬಲವಿಲ್ಲದ್ದೇನೂ ಅಲ್ಲ. ಕ್ರಿಕೆಟ್ಟಿನ ಹುಡುಗನು ಒಳ್ಳೆಯ ಬ್ಯಾಟನ್ನು ಕೊಳ್ಳುವುದಿಲ್ಲವೆ? ಸಂಗೀತಸ್ಪರ್ಧೆಗೆ ಬಂದವರ ವೀಣೆಗಳೆಲ್ಲ ಒಂದೇ ಮರದವೆ? ಪರೀಕ್ಷೆಯಲ್ಲಿ ಮೊದಲಿಗನಾದವನ ತಂದೆ ಮನೆಪಾಠಕ್ಕೆ ಎಷ್ಟು ತೆತ್ತನೆಂದು ಯಾರು ಕೇಳುತ್ತಾರೆ? ಮೇಲಾಗಿ ಕಟ್ಟನ್ನು ಕೂಡಿಸುವುದೇ ಈ ಆಟದ ಅರ್ಧ ವಿದ್ಯೆ. ಒಳ್ಳೆಯ ಎಲೆಗಳನ್ನು ಗುಡ್ಡೆಹಾಕಿದ ಮಾತ್ರಕ್ಕೆ ಒಳ್ಳೆಯ ಕಟ್ಟಾಗದು. ಯಾವ ಎಲೆಯೂ ನಾಲ್ಕಕ್ಕೆ ಮೀರಕೂಡದೆಂಬ ನಿಯಮವು ಹಣಕ್ಕೊಂದು ಮೇಲ್ಮಿತಿಯನ್ನು ಹಾಕಿದೆ. ಐದನೆಯದನ್ನು ಕೊಂಡು ಪ್ರಯೋಜನವಿಲ್ಲ.

ಈ ವಾದದಲ್ಲಿ ಒಂದು ಬಿರುಕು ಕಾಣುತ್ತದೆ. ಒಳ್ಳೆಯ ವೀಣೆಯು ನುಡಿಸುವವನ ವಿದ್ಯೆಯನ್ನು ಹೊರಗೆ ತರುತ್ತದೆ. ಅವನಲ್ಲಿಲ್ಲದ ವಿದ್ಯೆಯನ್ನು ಅವನ ಪರವಾಗಿ ತಾನು ನುಡಿಯುವುದಿಲ್ಲ. ಎಲೆಯ ಬಲವಾದರೋ ಎಲೆಯ ಮೇಲೆಯೇ ಅಚ್ಚಾಗಿದೆ. ಅದು ಯಾರ ಕೈಯಲ್ಲಿದ್ದರೂ ತನ್ನ ಕೆಲಸವನ್ನು ಮಾಡುತ್ತದೆ. ಮತ್ತೊಂದು ವಿಷಯ: ಈಗ ಅನೇಕರು ದೇಶಾಂತರದ ಪಂದ್ಯಗಳಲ್ಲಿ ಗೆದ್ದವರ ಕಟ್ಟಿನ ಪಟ್ಟಿಯನ್ನು ನೋಡಿ, ಅದರಲ್ಲಿ ಬರೆದಂತೆಯೇ ಎಲೆಗಳನ್ನು ಕೊಂಡು ತರುತ್ತಾರೆ. ಕಲ್ಪನೆ ಒಬ್ಬನದು, ಹಣ ತಂದೆಯದು, ಕೈ ಮಾತ್ರ ಆಟಗಾರನದು. ಸಭಾಪರ್ವದಲ್ಲಿ ದ್ಯೂತ ಆರಂಭವಾಗುವಾಗ ದುರ್ಯೋಧನನು, ರತ್ನಧನಗಳನ್ನು ನಾನು ಒಡ್ಡುತ್ತೇನೆ, ನನ್ನ ಪರವಾಗಿ ಮಾವ ಶಕುನಿ ಆಡುತ್ತಾನೆ ಎಂದನಷ್ಟೆ. ಒಬ್ಬನಿಗಾಗಿ ಮತ್ತೊಬ್ಬನು ಆಡುವುದು ಸಮವಾಗಿ ತೋರದೆಂದು ಯುಧಿಷ್ಠಿರನು ಆಕ್ಷೇಪಿಸಿ, ಆಕ್ಷೇಪಿಸಿಯೂ ಕುಳಿತನು. ಅವನ ಮಿಕ್ಕ ದೋಷಗಳನ್ನು ಎಣಿಸುವವರು ಈ ಒಂದು ಮಾತಿಗೆ ಕೊಡಬೇಕಾದ ಗಮನವನ್ನು ಕೊಟ್ಟಿಲ್ಲ. ಪಣ, ವಿದ್ಯೆ, ಆಟ ಈ ಮೂರೂ ಒಬ್ಬನಲ್ಲೇ ಕೂಡಿದ್ದರೆ ಮಾತ್ರ ಸೋಲು ಗೆಲವುಗಳು ಅವನವು. ಬೇರೆಬೇರೆಯಾದಾಗ ಗೆದ್ದವನು ಯಾರೆಂದು ಹೇಳುವುದು ಕಷ್ಟ.

ಹಾಗೆಂದು ಪಟ್ಟಿಯನ್ನು ನೋಡಿ ಕಟ್ಟನ್ನು ಕೂಡಿಸುವವನು ತಪ್ಪಿತಸ್ಥನೆಂದು ನಾನು ಹೇಳಲಾರೆ. ಚದುರಂಗದ ವಿದ್ಯಾರ್ಥಿಯೂ ಹಿಂದಿನವರ ಆರಂಭದ ನಡೆಗಳನ್ನು ಕಂಠಪಾಠ ಮಾಡುತ್ತಾನೆ. ಆದರೆ ಆ ಪಾಠಕ್ಕೆ ಬೆಲೆಚೀಟಿಯನ್ನು ಅಂಟಿಸಿಲ್ಲ.

ಈ ವಿಷಮತೆಗೆ ಪರಿಹಾರವನ್ನು ಹುಡುಕುವವರು ಮೈಸೂರಿನ ಕಡೆಗೇ ನೋಡಬಹುದು. ಅಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ವಿಷಯ ಬರುತ್ತದೆ. ಜೂಜು ಒಂದು ಗೊತ್ತಾದ ಸ್ಥಳದಲ್ಲಿಯೇ ನಡೆಯಬೇಕು. ಕವಡೆ ದಾಳಗಳನ್ನು ಅಧ್ಯಕ್ಷನೇ, ಶುದ್ಧವಾದವನ್ನೇ, ಒದಗಿಸಬೇಕು. ಅವನ್ನು ಬಿಟ್ಟು ಬೇರೆಯವನ್ನು ಹಾಕಿದವನಿಗೆ 12 ಪಣ ದಂಡ. ಗೆದ್ದ ಹಣದಲ್ಲಿ ನೂರಕ್ಕೆ ಐದು ಅಧ್ಯಕ್ಷನಿಗೆ. ಜೊತೆಗೆ ದಾಳಗಳ ಬಾಡಿಗೆ, ನೀರಿನ ಬೆಲೆ, ಸ್ಥಳದ ಬೆಲೆ. ನೀರಿಗೂ ಬೆಲೆ ಹಾಕಿದ ಈ ಪುಣ್ಯಾತ್ಮನು ನಮ್ಮ ಕಾಲದ ಪಂದ್ಯಸಂಘಟಕರಿಗೆ ಗುರುಸಮಾನನೇ ಸರಿ! ಹಾಸ್ಯ ಹಾಗಿರಲಿ. ಇದರಲ್ಲಿ ಗಮನಿಸಬೇಕಾದದ್ದು, ಆಡುವ ಸಾಧನವು ಆಡುವವನ ಮನೆಯಿಂದ ಬರಕೂಡದೆಂಬುದು. ಕೌಟಿಲ್ಯನು ಮನುಷ್ಯರನ್ನು ಸಾಧುಗಳನ್ನಾಗಿ ಮಾಡಲು ಹೊರಟವನಲ್ಲ. ದಾಳವೊಂದು ಸರಿಯಿದ್ದರೆ ಮಿಕ್ಕದ್ದನ್ನು ಅವರೇ ನೋಡಿಕೊಳ್ಳಲಿ ಎಂದವನು.

ಹೊಸ ಆಟದಲ್ಲಿಯೂ ಈ ಮಾರ್ಗ ಇಲ್ಲದಿಲ್ಲ. ಎಲ್ಲರೂ ಬರಿಗೈಯಲ್ಲಿ ಬರುತ್ತಾರೆ. ಒಬ್ಬೊಬ್ಬರಿಗೆ ಮೂರು ಮುಚ್ಚಿದ ಪೊಟ್ಟಣ. ಒಂದನ್ನು ಒಡೆದು, ಅದರಲ್ಲಿ ಒಂದು ಎಲೆಯನ್ನು ಇಟ್ಟುಕೊಂಡು ಮಿಕ್ಕವನ್ನು ಪಕ್ಕದವನಿಗೆ ದಾಟಿಸಬೇಕು. ಹೀಗೆ ಎಲೆಗಳು ಮೇಜನ್ನು ಸುತ್ತುತ್ತ ತೀರುತ್ತವೆ. ಕೊನೆಗೆ ಕೈಗೆ ಬಂದುದರಲ್ಲಿ 40 ಎಲೆಗಳ ಕಟ್ಟನ್ನು ಕೂಡಿಸಿ ಆಡಬೇಕು. ಆರಿಸುವ ವಿದ್ಯೆ, ನೆರೆಯವನು ಏನನ್ನು ಕೂಡಿಸುತ್ತಿರುವನೆಂದು ಊಹಿಸುವ ವಿದ್ಯೆ, ಆಡುವ ವಿದ್ಯೆ ಇವೆಲ್ಲ ಇಲ್ಲಿವೆ. ಮನೆಯ ಕಪಾಟಿಗೆ ಮಾತ್ರ ಬಾಗಿಲು ಹಾಕಿದೆ. ನನಗೆ ಈ ಬಗೆಯ ಪಂದ್ಯವೇ ಉತ್ತಮವೆಂದು ತೋರುತ್ತದೆ. ಆದರೆ ಪ್ರತಿ ಸಲವೂ ಹೊಸ ಪೊಟ್ಟಣಗಳನ್ನು ಕೊಳ್ಳಬೇಕಾದುದರಿಂದ, ಸಮತ್ವ ಬಂದರೂ ಖರ್ಚು ಹೋಗದು. ಇನ್ನೊಂದು ಮಾರ್ಗ ಪ್ರತಿಕೃತಿಯದು: ಕೊಳ್ಳಲಾಗದ ಎಲೆಯ ಹೆಸರನ್ನು ಚೀಟಿಯ ಮೇಲೆ ಬರೆದು ಸಾಧಾರಣ ಎಲೆಯ ಮುಂದಿಟ್ಟು ಆಡುವುದು. ಪ್ರಕಾಶಕರ ಮಾನ್ಯತೆ ಪಡೆದ ಪಂದ್ಯಗಳಲ್ಲಿ ಇದಕ್ಕೆ ಅವಕಾಶವಿಲ್ಲ, ಗೆಳೆಯರ ಪಂದ್ಯಗಳಲ್ಲಿ ಉಂಟು. ಇದು ಕಳ್ಳತನವೆಂದು ಕೆಲವರು ಹೇಳುತ್ತಾರೆ. ಪ್ರತಿಕೃತಿಯನ್ನು ನಿಜವೆಂದು ಮಾರಿದರೆ ಅದು ಮೋಸ, ಸಂಶಯವೇ ಇಲ್ಲ. ಪ್ರತಿಕೃತಿಯೆಂದು ಎಲ್ಲರಿಗೂ ತಿಳಿದಿರುವ ಚೀಟಿಯಿಂದ ಆಡಿದರೆ ಯಾರ ಗಂಟು ಹೋಯಿತು? ಚದುರಂಗದ ಕಾಯಿ ಕಳೆದಾಗ ಅದರ ಸ್ಥಳದಲ್ಲಿ ಹುಣಸೆಬೀಜವನ್ನಿಟ್ಟು ಆಡಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಸಂಘಟಕನ ವಿಷಯದಲ್ಲಿ ಒಂದು ಮಾತು. ನಾನು ಕಂಡಮಟ್ಟಿಗೆ ಅವನು ಬೇರೆ ಉದ್ಯೋಗದಲ್ಲಿರುವ ತರುಣ. ಭಾನುವಾರದ ನಿದ್ದೆಯನ್ನು ಬಿಟ್ಟು ಮೇಜು ಕುರ್ಚಿ ಹಾಕಿಸಿ, ಹೆಸರು ಬರೆದುಕೊಂಡು, ಸುತ್ತಿಗೆ 50 ನಿಮಿಷವೆಂದು ಗಡಿಯಾರವನ್ನಿಟ್ಟು, ತನ್ನ ಗೆಳೆಯರ ಜಗಳಗಳಲ್ಲಿ ತಾನೇ ನ್ಯಾಯಾಧೀಶನಾಗಿ, ಸಂಜೆ ಪ್ರವೇಶಧನದ ಲೆಕ್ಕದಲ್ಲಿ ಸ್ವಲ್ಪ ಕೈಯಿಂದ ಹಾಕಿ ಮನೆಗೆ ಹೋಗುತ್ತಾನೆ. ಬರಿಗೈಯಲ್ಲಿ ಬಂದ ಹುಡುಗನಿಗೆ ತನ್ನ ಎರಡನೆಯ ಕಟ್ಟನ್ನು ಎರವಲು ಕೊಟ್ಟು ಕೂರಿಸುವವನೂ ಅವನೇ. ಎರವಲು ಕಟ್ಟಿನಿಂದ ಆಡಿದ ಹುಡುಗನು ಕೊಟ್ಟವನನ್ನೇ ಸೋಲಿಸಿದ್ದನ್ನು ಒಂದು ಸಲ ನೋಡಿದೆ. ಕೊಟ್ಟವನ ಮುಖದಲ್ಲಿ ಇದ್ದದ್ದು ಸಂತೋಷವೋ ಸಂಕಟವೋ ಎಂದು ಥಟ್ಟನೆ ಹೇಳಲಾಗಲಿಲ್ಲ. ಎರಡೂ ಇದ್ದವೆಂದೇ ತೋರಿತು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಪಂದ್ಯದ ಕೊನೆಯ ಸುತ್ತಿನಲ್ಲಿ ಬರುತ್ತದೆ. ಇಲ್ಲಿ ಜೋಡಿಗಳನ್ನು ಹಾಕುವುದು ಸ್ವಿಸ್ ಪದ್ಧತಿಯಲ್ಲಿ. ಅದು 1895ರಲ್ಲಿ ಜ್ಯೂರಿಚ್ ನಗರದ ಚದುರಂಗ ಪಂದ್ಯದಲ್ಲಿ ಬಳಕೆಗೆ ಬಂದದ್ದು. ಸೋತವನು ಮನೆಗೆ ಹೋಗಬೇಕಾಗಿಲ್ಲ. ಸಮಾನ ಅಂಕಗಳುಳ್ಳವರನ್ನು ಸುತ್ತುಸುತ್ತಿಗೂ ಎದುರುಬದುರು ಕೂರಿಸುತ್ತಾರೆ. ಇಬ್ಬರ ಅಂಕಗಳು ಸರಿಸಮವಾದರೆ, ಯಾರು ಎದುರಿಸಿದ ಪ್ರತಿಸ್ಪರ್ಧಿಗಳು ಹೆಚ್ಚು ಗೆದ್ದಿದ್ದಾರೋ ಅವನು ಮೇಲು. ಈ ನಿಯಮದ ಒಳಗುಟ್ಟನ್ನು ನೋಡಿ. ಬೆಳಗ್ಗೆ ನನ್ನನ್ನು ಸೋಲಿಸಿದವನ ಯೋಗ್ಯತೆಯು ಸಂಜೆ ನಾನು ಆಡುವ ಆಟದಿಂದ ಅಳೆಯಲ್ಪಡುತ್ತದೆ. ನನ್ನ ಸೋಲು ಗೆಲವುಗಳು ನನ್ನವು ಮಾತ್ರವಲ್ಲ.

ಹೀಗಿರುವಲ್ಲಿ, ಬಹುಮಾನದ ಆಸೆಯಿಲ್ಲದ ಒಬ್ಬನು ಕೊನೆಯ ಸುತ್ತಿನಲ್ಲಿ ತನ್ನ ಗೆಳೆಯನ ಎದುರು ಕುಳಿತನೆನ್ನೋಣ. ಗೆಳೆಯನು ಗೆದ್ದರೆ ನಾಲ್ಕನೆಯ ಸ್ಥಾನ ಅವನಿಗೆ; ಸೋತರೆ ಆ ಸ್ಥಾನ, ಆಗಲೇ ತನ್ನ ಆಟವನ್ನು ಮುಗಿಸಿ ಗೋಡೆಗೊರಗಿ ಕಾಯುತ್ತಿರುವ ಮೂರನೆಯವನಿಗೆ. ಮೊದಲನೆಯವನು ಎಲೆ ಕಲೆಸುವ ಮುಂಚೆಯೇ, “ನಾನು ಸೋತೆ, ನೀನು ಹೋಗು” ಎನ್ನುತ್ತಾನೆ. ನಿಯಮವು ಇದನ್ನು ತಡೆಯುವುದಿಲ್ಲ. ಸೋಲನ್ನು ಯಾವಾಗ ಬೇಕಾದರೂ ಒಪ್ಪಬಹುದು. ಅದಕ್ಕೆ ಪ್ರತಿಯಾಗಿ ಹಣವನ್ನೋ ಎಲೆಯನ್ನೋ ಪಡೆದರೆ ಮಾತ್ರ ಲಂಚ. ದಾಳ ಹಾಕಿ ತೀರ್ಮಾನಿಸುವುದೂ ನಿಷಿದ್ಧ.

ಇಲ್ಲಿ ಲಂಚವಿಲ್ಲ, ಸ್ನೇಹವಿದೆ. ಸ್ನೇಹ ಒಳ್ಳೆಯದಲ್ಲವೆ? ತನ್ನ ಸೋಲು ತನ್ನ ಸ್ವತ್ತು, ಅದನ್ನು ಯಾರಿಗಾದರೂ ಕೊಡಬಹುದೆಂದು ಅವನು ವಾದಿಸಬಹುದು. ಆದರೆ ಅವನು ಕೊಟ್ಟದ್ದು ತನ್ನ ಸೋಲನ್ನಲ್ಲ, ಮೂರನೆಯವನ ಸ್ಥಾನವನ್ನು. ತನ್ನದಲ್ಲದ್ದನ್ನು ದಾನ ಮಾಡಿದರೆ ದಾನವೆನ್ನುವುದುಂಟೆ? ಪಂದ್ಯಕ್ಕೆ ಹೆಸರು ಕೊಟ್ಟಾಗಲೇ ಅವನು, ಎದುರಿಗೆ ಬಂದವರೊಡನೆಲ್ಲ ಮನಸ್ಸಿಟ್ಟು ಆಡುತ್ತೇನೆಂದು ಅಲ್ಲಿ ಸೇರಿದ ಎಲ್ಲರಿಗೂ ಬಾಯಿಬಿಡದೆ ಮಾತು ಕೊಟ್ಟಿದ್ದಾನೆ. ಆಯಾಸವಾಗಿ ಎದ್ದುಹೋದರೆ ಆ ಮಾತು ಮುರಿಯಲಿಲ್ಲ. ಫಲವು ಇಂಥವನಿಗೇ ಸೇರಲೆಂದು ಎದ್ದರೆ ಮುರಿಯಿತು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಆದುದರಿಂದಲೇ ನಿಯಮ ಮಾಡುವವರು ಕೈಚೆಲ್ಲಿ ಇದನ್ನು ಅನುಮತಿಸಿದರು. ನಿಷೇಧಿಸಿದ್ದರೆ ಅವನು ಕುಳಿತು ಕೆಟ್ಟದಾಗಿ ಆಡಿ ಸೋಲುತ್ತಿದ್ದನು, ಮತ್ತು ಅಸತ್ಯವೊಂದು ಹೆಚ್ಚಾಗುತ್ತಿತ್ತು. ನಿಯಮವು ಸುಮ್ಮನಾದ ಮಾತ್ರಕ್ಕೆ ಕೆಲಸ ಸರಿಯಾಯಿತೆಂದು ತಿಳಿಯುವುದು ವಕೀಲರ ದೃಷ್ಟಿ. ಗೋಡೆಗೊರಗಿದ ಮೂರನೆಯವನ ಮುಖವನ್ನು ನೋಡಿ ಹೇಳಬಲ್ಲವನಾದರೆ ಮೊದಲನೆಯವನು ಹೇಳಲಿ.

ಕಡೆಯದಾಗಿ ವಿನಿಮಯದ ವಿಷಯ. ಪಂದ್ಯ ಮುಗಿದ ಮೇಲೆ, ಕೆಲವು ಸಲ ನಡುನಡುವೆಯೂ, ಹುಡುಗರು ಎಲೆಗಳನ್ನು ಹರಡಿಕೊಂಡು ಕೊಡುಕೊಳ್ಳುವ ವ್ಯವಹಾರಕ್ಕೆ ಕೂರುತ್ತಾರೆ. ಹತ್ತು ವರ್ಷದವನಿಗೆ ರೆಕ್ಕೆ ಬಿಚ್ಚಿದ ಸರ್ಪದ ಚಿತ್ರ ಬೇಕು. ಅದಕ್ಕಾಗಿ, ತನ್ನಲ್ಲಿರುವ ಬಣ್ಣಗೆಟ್ಟ ಎಲೆಯೊಂದರ ಬೆಲೆ ಅದರ ನೂರುಪಟ್ಟೆಂದು ತಿಳಿಯದೆ ಕೊಟ್ಟುಬಿಡುತ್ತಾನೆ. ತೆಗೆದುಕೊಂಡ ದೊಡ್ಡವನಿಗೆ ತಿಳಿದಿದೆ. ಬಲವಂತ ಮಾಡಲಿಲ್ಲ, ಸುಳ್ಳು ಹೇಳಲಿಲ್ಲ, ಹುಡುಗನೂ ಕುಣಿದುಕೊಂಡು ಹೋದನು. ಆದರೂ ಇದನ್ನು ನ್ಯಾಯವೆನ್ನಲು ನಾಲಗೆ ಏಳದು. ಸಂತೆಯ ವ್ಯಾಪಾರಿ ಮತ್ತೊಬ್ಬ ವ್ಯಾಪಾರಿಯೊಡನೆ ಬಾಯಿ ಮುಚ್ಚಿಕೊಂಡಿರಬಹುದು, ಇಬ್ಬರೂ ಅದಕ್ಕಾಗಿಯೇ ಬಂದವರು. ಹುಡುಗನು ಆಟಕ್ಕೆ ಬಂದವನು.

ನಾನು ಕಂಡ ಸಂಘಟಕರು ಚಿಕ್ಕವರ ವಿನಿಮಯವನ್ನು ಹಿರಿಯರೊಬ್ಬರು ನೋಡಬೇಕೆಂದೂ, ಆ ಸಂಜೆ ಬಾಗಿಲು ಹಾಕುವವರೆಗೆ ಯಾರು ಬೇಕಾದರೂ ಮಾತು ಹಿಂತೆಗೆಯಬಹುದೆಂದೂ ಗೊತ್ತುಮಾಡಿದ್ದರು. ತಾತನವರು ಇದನ್ನು ಕೇಳಿ, ಸಂಜೆ ಸಾಲದು, ಹುಡುಗನಿಗೆ ಮನೆಗೆ ಹೋದ ಮೇಲೆ ಬುದ್ಧಿ ಬರುತ್ತದೆ ಎಂದರು. ಕೌಟಿಲ್ಯನು ಕ್ರಯವಿಕ್ರಯವನ್ನು ಹಿಂತೆಗೆಯಲು ವರ್ತಕರಿಗೆ ಒಂದು ರಾತ್ರಿ, ಒಕ್ಕಲಿಗರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿ ಅವಧಿ ಕೊಟ್ಟಿದ್ದಾನೆ. ಮೂರನೆಯ ತರಗತಿಯ ಹುಡುಗನಿಗೆ ಎಷ್ಟು ರಾತ್ರಿ ಕೊಡಬೇಕೆಂಬ ಚರ್ಚೆ ಅಲ್ಲಿ ಕುರ್ಚಿಗಳನ್ನು ಮಡಿಸಿ ಒಳಗಿಡುವವರೆಗೂ ನಡೆದಿತ್ತು.